ನೆನೆದ ಗ್ರಂಥಗಳನ್ನು ಮಣ್ಣು ಮಾಡಿದ ವಾರ

ಹ್ಯೂಸ್ಟನ್
ಸೆಪ್ಟೆಂಬರ್ ೧೨, ಶುಕ್ರವಾರ

ಪ್ರೀತಿಯ ಬ್ರೈನಾ,

ಟೊರಾಂಟೊದಲ್ಲಿ ನೀನೂ ಮಕ್ಕಳೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಎರಡು ವಾರವಾಯಿತು. ಬರೆಯಲು ಕೈಯೇ ಏಳಲಿಲ್ಲ, ಬೈಯಬೇಡ. ನೀನು ಕೇಳಿದ್ದು ಒಂದೇ ಪ್ರಶ್ನೆ: "ಮನೆಗೆ ನೀರು ನುಗ್ಗಿದಾಗ ನಮ್ಮ ಫೈವೆಲಣ್ಣ ಯಾರನ್ನೂ ಕರೀಲಿಲ್ವೇನೇ?" ಅದಕ್ಕೆ ಬರುತ್ತೇನೆ. ಮೊದಲು ಊರಿನ ಸುದ್ದಿ.

ನಮ್ಮ ಸಿನಗಾಗ್‌ನಲ್ಲಿ ಎದೆಮಟ್ಟ ನೀರು ನಿಂತಿತ್ತು. ಎರಡು ತೋರಾ ಸುರುಳಿಗಳ ಅಕ್ಷರಗಳೆಲ್ಲ ಕದಡಿಹೋದವು. ಪ್ರಾರ್ಥನೆಯ ಪುಸ್ತಕಗಳು ಎಷ್ಟು ಊದಿಕೊಂಡಿದ್ದವೆಂದರೆ, ತೆಗೆಯಲು ಕಪಾಟನ್ನೇ ಒಡೆಯಬೇಕಾಯಿತು. ಸೋಮವಾರ ಎಲ್ಲವನ್ನೂ ಸ್ಮಶಾನಕ್ಕೆ ಒಯ್ದು, ಮನುಷ್ಯರಿಗೆ ಮಾಡುವ ಹಾಗೆಯೇ ಮಣ್ಣು ಮಾಡಿದೆವು. ಫೈವೆಲಣ್ಣನ ಗೋರಿಯ ಪಕ್ಕದಲ್ಲೇ ಗುಂಡಿ. ಅವನ ಮೇಲಿನ ಮಣ್ಣು ಇನ್ನೂ ಒಣಗಿಲ್ಲ. "ಫೈವೆಲ್ ಪುಣ್ಯವಂತ, ಓದೋಕೆ ಪಕ್ಕದಲ್ಲೇ ಪುಸ್ತಕ ಸಿಕ್ತು" ಎಂದರು ರಬ್ಬಿ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ನಮ್ಮ ಮನೆ ದಿಬ್ಬದ ಮೇಲಿದೆಯಲ್ಲ, ಪರಿಹಾರದ ಅಡುಗೆಯೆಲ್ಲ ಇಲ್ಲೇ. ಡಲ್ಲಾಸ್‌ನಿಂದ ಲಾರಿಯಲ್ಲಿ ನಮ್ಮ ಶಾಸ್ತ್ರಕ್ಕೆ ಸಲ್ಲುವ ಕೋಶರ್ ಕೋಳಿ ಬರುತ್ತದೆ. ನಮ್ಮವರು, ಚರ್ಚಿನವರು, ಕೆಳಗಿನ ಬೀದಿಯ ಮೆಕ್ಸಿಕೋದವರು, ಯಾರು ಬಂದರೂ ಬಡಿಸುತ್ತೇವೆ. "ನಲವತ್ತು ವರ್ಷದಲ್ಲಿ ನಂಗೆ ಒಂದಿನಾನೂ ಹಿಂಗೆ ಉಪಚಾರ ಮಾಡಿಲ್ಲ ಇವಳು" ಎಂದು ನಮ್ಮೆಜಮಾನರು ಲೈಬೆಲ್ ಈರುಳ್ಳಿ ಹೆಚ್ಚುತ್ತಾ ಎಲ್ಲರೆದುರು ರೇಗಿಸುತ್ತಾರೆ. ಜನ ನನ್ನನ್ನು ಮಹಾತಾಯಿ ಎನ್ನುತ್ತಾರೆ. ಆ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತದೆ.

ನಾಳೆ ಇನ್ನೊಂದು ಚಂಡಮಾರುತವಂತೆ. ಕಾಲುವೆ ಆಗಲೇ ಸೇತುವೆ ಮುಟ್ಟಿದೆ. ಬೆಳಗಿನಿಂದ ಒಂದು ಹಕ್ಕಿಯ ದನಿಯಿಲ್ಲ. ಇರುವೆಗಳು ಸಾಲುಗಟ್ಟಿ ಗೋಡೆ ಹತ್ತುತ್ತಿವೆ. ರಬ್ಬಿ ಕಳೆದ ಸಲ ಹೇಳಿದ್ದನ್ನೇ ಮತ್ತೆ ಹೇಳಿ ಕಳಿಸಿದ್ದಾರೆ: "ಜೀವದ ಪ್ರಶ್ನೆ ಬಂದ್ರೆ ಸಬ್ಬತ್ ಮುರೀಬೇಕು, ಮುರೀದಿದ್ರೇ ಪಾಪ. ಫೋನ್ ಆಫ್ ಮಾಡ್ಬೇಡಿ."

ಸಬ್ಬತ್ ದೀಪ ಹಚ್ಚುವ ಹೊತ್ತಾಯಿತು. ಹಚ್ಚಿದ ಮೇಲೆ ನಾಳೆ ಸಂಜೆಯವರೆಗೆ ಪೆನ್ನು ಹಿಡಿಯುವಂತಿಲ್ಲ. ಬರುವ ನಮ್ಮ ಹೊಸ ವರ್ಷಕ್ಕೆ ದೇವರು ನಿನ್ನ ಹೆಸರನ್ನೂ ಮಕ್ಕಳ ಹೆಸರನ್ನೂ ಬದುಕಿನ ಪುಸ್ತಕದಲ್ಲಿ ಬರೆಯಲಿ.

ನಿನ್ನ,
ಫ್ರೇಡಾ

ಬರೆಯದೆ ಬಿಟ್ಟದ್ದು: ಕರೆದ, ಬ್ರೈನಾ. ನನ್ನನ್ನೇ ಕರೆದ. ಆ ಶನಿವಾರ ಬೆಳಿಗ್ಗೆ ಒಳಕೋಣೆಯಲ್ಲಿ ಫೋನ್ ಎರಡು ಸಲ ಹೊಡೆದುಕೊಂಡಿತು. "ಯಾರಿಗೋ ಕಷ್ಟ ಇರ್ಬೋದು, ಎತ್ತೇ" ಎಂದರು ಲೈಬೆಲ್. "ನಮ್ಮೋರು ಯಾರ್ರೀ ಸಬ್ಬತ್ ದಿನ ಫೋನ್ ಮುಟ್ತಾರೆ? ಯಾವನೋ ಇನ್ಶೂರೆನ್ಸ್‌ನೋನಿರ್ಬೇಕು" ಎಂದೆ ನಾನು. ಲೈಬೆಲ್ ಅವರ ದೋಣಿ ನಮ್ಮ ಅಂಗಳದಲ್ಲೇ ಇತ್ತು.

ಸಬ್ಬತ್ ಮುಗಿದ ಮೇಲೆ ಅವನು ಫೋನಿನಲ್ಲಿ ಬಿಟ್ಟಿದ್ದ ಮಾತು ಕೇಳಿಸಿಕೊಂಡೆ. ಮೊದಲ ಸಲ: "ಫ್ರೇಡಾ, ಇವತ್ತು ಫೋನ್ ಮಾಡಿದ್ದಕ್ಕೆ ತಪ್ಪು ತಿಳ್ಕೋಬೇಡಮ್ಮ. ನೀರು ಮಂಚಕ್ಕೆ ಬಂತು. ಲೈಬೆಲ್‌ಗೆ ಹೇಳಿ ದೋಣಿ ಕಳ್ಸು."

ಎರಡನೆಯ ಸಲ ದನಿ ತಣ್ಣಗಿತ್ತು: "ಎತ್ತಲ್ಲ ನೀನು, ನಂಗೊತ್ತು. ಸಬ್ಬತ್ ಕೆಡಿಸೋಳಲ್ಲ. ಒಳ್ಳೇ ಹುಡುಗಿ."