ಅಪ್ಪನ ಕೋಟಿಗೆ ಕಿಸೆ ಖರೇನ ಅದಾವ

ಯಪ್ಪಾ,

ನಾ ಆನ್‌ಲೈನ್‌ದಾಗ ತರಿಸಿದ ಕೋಟಿಗೆ ಕಿಸೆನ ಇಲ್ಲ, ಮೋಸ ಆತು ಅಂತ ಓಣಿ ತುಂಬ ಹೇಳಿ ಬಂದಿಯಂತ. ವಾಪಸ್ ಒಯ್ಯಾಕ ಕಂಪನಿಯವರಿಗೂ ಹೇಳೀದಿ. ನನ್ನ ಒಂದ ಮಾತು ಕೇಳಾಕ ಬರ್ತಿದ್ದಿಲ್ಲೇನು?

ಛಲೋ ಕೋಟಿನ ಆಕಾರ ಕೆಡಬಾರದಂತ ಕಿಸೆ ಬಾಯಿ ಹೊಲಿದು ಕಳಸ್ತಾರ. ಬ್ಲೇಡಿನಿಂದ ದಾರ ಬಿಚ್ಚೇನಿ, ಕೈ ಹಾಕಿ ನೋಡು. ಒಯ್ಯಾಕ ಬಂದವಗ ಚಾ ಕೊಡು, ಕೋಟ ಕೊಡಬ್ಯಾಡ. ನಾ ಕೈತುಂಬ ಹಸರ ಬಳಿ ಇಡಿಸ್ಕೊಳ್ಳಾಕ ಜೋರಾಪುರ ಪೇಟಿಗೆ ಹೊಂಟೇನಿ.

ನಾಳೆ ತಿಕೋಟಾದವರು ನನ್ನ ನಿಶ್ಚಯಕ್ಕ ಬಂದಾಗ ಅದನ್ನ ಹಾಕ್ಕೋ. ಎಲಿ-ಅಡಕಿ ಚಂಚಿ ಬಲಗಡೆ ಕಿಸೆದಾಗ ಇರಲಿ. ಎಡಗಡೇದು ಖಾಲಿ ಬಿಡು. ಸಣ್ಣಾಕಿ ಇದ್ದಾಗ ಸಂತ್ಯಾಗ ನಿನ್ನ ಕಿಸೆದಾಗ ಕೈ ಇಟ್ಕೊಂಡ ನಡೀತಿದ್ನಿ. ನಾಳೆ ಅಂಜಿಕಿ ಬಂದ್ರ ಬೇಕಾಗ್ತದ.

ವಿಜೂ