ಮೇಲಧಿಕಾರಿಗೆ ಕೊಟ್ಟ ಕ್ರಿಸ್‌ಮಸ್ ಬ್ರೆಡ್ಡು

ಅಮ್ಮ,

ನಿನ್ನೆ ಊಟಕ್ಕೆ ಕೂತಾಗ ಹೇಳಲು ಧೈರ್ಯ ಸಾಲಲಿಲ್ಲ. ಈಗ ಚೀಟಿಯಲ್ಲಿ ಹೇಳುತ್ತಿರುವುದಕ್ಕೆ ಕ್ಷಮಿಸು. ನಮ್ಮ ವಿಭಾಗದ ಮುಖ್ಯಸ್ಥರಾದ ಟೀಟ್ಸೆ ಅವರಿಗೆಂದು ನೀನು ಮಾಡಿಕೊಟ್ಟ ಕ್ರಿಸ್‌ಮಸ್ ಬ್ರೆಡ್ಡು, ಆ ಸ್ಟೊಲ್ಲನ್, ವಾಪಸ್ ಬಂದಿದೆ. ಕಪಾಟಿನ ಮೇಲಿಟ್ಟಿದ್ದೇನೆ. ರಿಬ್ಬನ್ ಕೂಡ ಬಿಚ್ಚಿಲ್ಲ.

ನೀನು ಕೆಲಸ ಮಾಡುತ್ತಿದ್ದ ಗಿರಣಿಯಲ್ಲಿ ವರ್ಷದ ಮೊದಲ ಸ್ಟೊಲ್ಲನ್ ಮೇಸ್ತ್ರಿಗೆ ಕೊಡುವುದು ಮರ್ಯಾದೆಯಾಗಿತ್ತು. ನಗರಸಭೆಯ ಕಚೇರಿಯಲ್ಲಿ ಹಾಗಲ್ಲ. ಮೇಲಿನವರು ನಮಗೆ ಚಾಕೊಲೇಟ್ ಹಂಚಬಹುದು, ನಾವು ಅವರಿಗೆ ಏನೂ ಕೊಡುವಂತಿಲ್ಲ. ಅದೂ ನನ್ನ ಕೆಲಸ ಕಾಯಂ ಮಾಡುವ ಕಾಗದ ಅವರ ಮೇಜಿನ ಮೇಲಿರುವಾಗ! ನಿಯಮ ನನಗೆ ಗೊತ್ತಿತ್ತು. ನೀನು ಹಿಟ್ಟಿನ ಕೈಯಲ್ಲೇ ರಿಬ್ಬನ್ ಕಟ್ಟುತ್ತಿದ್ದಾಗ ಬೇಡವೆನ್ನಲು ಬಾಯಿ ಬರಲಿಲ್ಲ. ತಪ್ಪು ನನ್ನದೇ.

"ಏನೇ ಸಿಲ್ಕೆ, ಕಾಯಂ ಕೆಲಸಾನ ಮನೆ ಒಲೇಲೇ ಬೇಯಿಸ್ಕೊಂಡು ಬಂದ್ಯಾ?" ಎಂದು ಪಕ್ಕದ ಮೇಜಿನ ಕೊರ್ನೆಲಿಯಾ ಎಲ್ಲರೆದುರು ನಕ್ಕಳು. ಟೀಟ್ಸೆ ನಗಲಿಲ್ಲ. "ಬೇಜಾರು ಮಾಡ್ಕೋಬೇಡಿ, ಇದನ್ನ ನಾನು ಮೇಲಕ್ಕೆ ಬರೆದು ತಿಳಿಸ್ಲೇಬೇಕು," ಎಂದರು.

ಇವತ್ತು ಹತ್ತು ಗಂಟೆಗೆ ಮೇಲಿನವರು ಇದೇ ವಿಷಯಕ್ಕೆ ನನ್ನನ್ನು ಕರೆದಿದ್ದಾರೆ. ದಯವಿಟ್ಟು ನೀನು ಕಚೇರಿಯಲ್ಲಿ ಯಾರಿಗೂ ಫೋನ್ ಮಾಡಬೇಡ. ಮಾತ್ರೆಯನ್ನು ತಿಂಡಿಯ ಜೊತೆಗೇ ನುಂಗು. ಸ್ಟೊಲ್ಲನ್ ಬಿಸಾಡಬೇಡ, ಕತ್ತರಿಸಿ ತಿನ್ನು; ಅದು ಚೆನ್ನಾಗಿಯೇ ಇದೆ.

ಕೆಲಸ ಹೋದರೆ ಅದು ಈ ಬ್ರೆಡ್ಡಿನಿಂದ ಹೋಯಿತೋ, ಅವರು ಮೊದಲೇ ನನ್ನನ್ನು ಬೇಡವೆಂದುಕೊಂಡಿದ್ದರೋ, ಅದು ಮಾತ್ರ ನನಗೆ ಎಂದೂ ಗೊತ್ತಾಗುವುದಿಲ್ಲ.

ಸಿಲ್ಕೆ