ಗುಲಾಬಿ ಸಾಲಿನ ತಲೆನೋವು

ಕಾರ್ಲೊವೊ
21 ಮೇ 2008, ಬುಧವಾರ

ನನ್ನ ಮುದ್ದು ನೆದಾ,

ನೀವೆಲ್ಲ ಕ್ಷೇಮ ಅಂತ ಭಾವಿಸುತ್ತೇನೆ ಎಂದು ಶುರು ಮಾಡೋಣವೆಂದರೆ, ರಲಿತ್ಸಾ ಕ್ಷೇಮವಾಗಿಲ್ಲ ಅಂತ ಭಾನುವಾರ ಫೋನಿನಲ್ಲಿ ನೀನೇ ಹೇಳಿದ್ದೀಯ. ಒಂಬತ್ತು ವರ್ಷದ ಹುಡುಗಿ, ತಿಂಗಳಿಗೆ ಎರಡು ಸಲ ತಲೆನೋವು ಅಂತ ಪರದೆ ಎಳೆದು ಮಲಗುತ್ತಾಳೆ, ವಾಂತಿ ಮಾಡುತ್ತಾಳೆ, ಎರಡು ಗಂಟೆ ನಿದ್ದೆ ಮಾಡಿ ಎದ್ದರೆ ಏನೂ ಆಗದವಳ ಹಾಗೆ ಬ್ರೆಡ್ಡು, ಚೀಸು ಕೇಳುತ್ತಾಳೆ. ಇಷ್ಟು ಹೇಳಿ ನೀನು ನಕ್ಕೆ. "ನನ್ನ ಮಗಳಲ್ವಾ ಅಕ್ಕಾ, ನನ್ನ ಹಾಗೇ ನಾಟಕ ಕಲಿತಿದಾಳೆ. ಅಮ್ಮ ನನಗೆ ಮಾಡಿದ ಹಾಗೇ ನಾನೂ ಎಬ್ಬಿಸಿ ಶಾಲೆಗೆ ಕಳಿಸಿಬಿಡ್ತೀನಿ" ಅಂದೆ. ನಾನು ಹೂಂ ಅಂದುಬಿಟ್ಟೆ. ಆ ಹೂಂ ಮೂರು ದಿನದಿಂದ ನನ್ನನ್ನು ತಿನ್ನುತ್ತಿದೆ. ಅದಕ್ಕೇ ಈ ಕಾಗದ.

ಇಲ್ಲಿ ಹೂ ಕೊಯ್ಲು ಶುರುವಾಗಿ ವಾರವಾಯಿತು. ಕಿಟಕಿ ತೆಗೆದರೆ ಗುಲಾಬಿ, ಮುಚ್ಚಿದರೂ ಗುಲಾಬಿ. ನನಗೆ ನಮ್ಮ ಹಳ್ಳಿಯ ತೋಟ, ನಾಲ್ಕು ಗಂಟೆಗೆ ಅಮ್ಮ ನಮ್ಮಿಬ್ಬರ ಹೊದಿಕೆ ಎಳೆಯುತ್ತಿದ್ದದ್ದು, ಕಣ್ಣು ಬಿಡದೆಯೇ ಏಪ್ರನ್ ಕಟ್ಟಿಕೊಳ್ಳುತ್ತಿದ್ದ ನೀನು, ಎಲ್ಲ ನೆನಪಾಗುತ್ತದೆ. ಇಬ್ಬನಿ ಆರುವ ಮೊದಲು ಹೂ ಕಿತ್ತಾಗಬೇಕು, ತಿಂಡಿಯ ಮಾತು ಆಮೇಲೆ. ಹೆಂಗಸರು ಸಾಲಿನಿಂದ ಸಾಲಿಗೆ ಗಂಡಂದಿರ ಮೇಲೆ ಚಾಡಿ ಹೇಳಿಕೊಂಡು ನಗುತ್ತಿದ್ದರು. ಅಪ್ಪ ಗಾಡಿ ತಂದು ನಿಲ್ಲಿಸಿ ಕುದುರೆಯ ಕಿವಿಗೊಂದು ಹೂ ಸಿಕ್ಕಿಸುತ್ತಿದ್ದ. ಎಷ್ಟು ಚೆಂದದ ದಿನಗಳು ಅಂತ ನಾನು ಎಲ್ಲರ ಮುಂದೆಯೂ ಹೇಳುತ್ತೇನೆ. ನನಗೆ ಚೆಂದವಿತ್ತು, ನಿನಗಿರಲಿಲ್ಲ.

ನಿನಗಾಗ ಎಂಟು, ನನಗೆ ಹದಿನಾಲ್ಕು. ನಿನಗೆ ಮರೆತಿರಬಹುದು, ನನಗೆ ಒಂದೊಂದೂ ನೆನಪಿದೆ. ತಲೆನೋವು ಬರುವ ಹಿಂದಿನ ಸಂಜೆಯೇ ನೀನು ಆಕಳಿಸಲು ಶುರು ಮಾಡುತ್ತಿದ್ದೆ, ಸುಮ್ಮಸುಮ್ಮನೆ ಸಿಡುಕುತ್ತಿದ್ದೆ, ಜಾಮ್ ಡಬ್ಬಿಗೆ ಚಮಚ ಹಾಕಿ ಬೈಸಿಕೊಳ್ಳುತ್ತಿದ್ದೆ. ಬೆಳಿಗ್ಗೆ ತೋಟದಲ್ಲಿ ಬಿಸಿಲು ಮೇಲೇರುವ ಹೊತ್ತಿಗೆ ಮುಖ ಹಿಟ್ಟಿನಂತೆ ಬೆಳ್ಳಗಾಗುತ್ತಿತ್ತು. ಹಣೆ ಹಿಡಿದುಕೊಂಡು ಗಾಡಿಯ ಕೆಳಗಿನ ನೆರಳಿಗೆ ತೆವಳಿಕೊಂಡು ಹೋಗುತ್ತಿದ್ದೆ. "ತೋಟದ ರಾಣಿಗೆ ಹೂವಿನ ವಾಸನೆ ಆಗಲ್ವಂತೆ, ಈರುಳ್ಳಿ ಹೊಲಕ್ಕೆ ಕಳಿಸ್ರೇ" ಅಂತ ನಮ್ಮ ಮೇಸ್ತ್ರಿ ಪೆನಾ ಕೂಗಿದರೆ ಇಡೀ ತೋಟ ನಗುತ್ತಿತ್ತು. ಪ್ರತಿ ಸಲವೂ ನನ್ನ ಸಾಲು ಬಿಟ್ಟು ನಿನ್ನನ್ನು ಮನೆಗೆ ನಡೆಸಿಕೊಂಡು ಹೋಗಿ, ಹಣೆಗೆ ವಿನೆಗರ್ ಬಟ್ಟೆ ಕಟ್ಟಿ, ನೀನು ನಿದ್ದೆ ಹೋಗುವವರೆಗೆ ಕೂರುವ ಕೆಲಸ ನನ್ನದು.

ಅಮ್ಮ ಕಲ್ಲುಹೃದಯದವಳು ಅಂತ ತಿಳಿಯಬೇಡ. ಮೊದಲು ಅವಳು ನಂಬಿದ್ದಳು. ಮಗು ಏನನ್ನೋ ಕಂಡು ಹೆದರಿದೆ ಅಂತ, ಊರಿನ ಮಕ್ಕಳ ಹೆದರಿಕೆ ಬಿಡಿಸುತ್ತಿದ್ದ ಸ್ತಾನಾ ಅಜ್ಜಿಯ ಹತ್ತಿರ ಕರೆದುಕೊಂಡು ಹೋಗಿ ಸೀಸ ಹೊಯ್ಯಿಸಿದಳು. ನಿನ್ನ ತಲೆಯ ಮೇಲೆ ಕೆಂಪು ಬಟ್ಟೆ ಹಿಡಿದು, ಅದರ ಮೇಲೆ ನೀರಿನ ಬಟ್ಟಲು, ಅದಕ್ಕೆ ಕಾದ ಸೀಸ ಚುಂಯ್ ಅಂತ ಬಿದ್ದಾಗ ನೀನು ನನ್ನ ಕೈ ಕಚ್ಚಿದ್ದೆ. ನೀರಿನಲ್ಲಿ ಗಟ್ಟಿಯಾದ ತುಂಡನ್ನು ತಿರುಗಿಸಿ ನೋಡಿದ ಅಜ್ಜಿ ಇದು ಟಗರು, ಮಗು ಟಗರಿಗೆ ಹೆದರಿದೆ ಅಂದಳು. ನಮ್ಮೂರಿನಲ್ಲಿ ಎಲ್ಲ ಮಕ್ಕಳೂ ಹೆದರುತ್ತಿದ್ದದ್ದು ಅದೇ ಟಗರಿಗೆ. ಸೀಸದಿಂದ ಗುಣವಾಗದಿದ್ದಾಗ ಅಮ್ಮ ಪಟ್ಟಣದ ಡಾಕ್ಟರಿಗೆ ತೋರಿಸುತ್ತೇನೆ ಅಂತ ಮಂಗಳವಾರಕ್ಕೆ ರಜೆ ಕೇಳಿದಳು. ನಿನ್ನ ಬಿಳಿ ಅಂಗಿಗೆ ಇಸ್ತ್ರಿಯೂ ಆಗಿತ್ತು. ಅಷ್ಟರಲ್ಲಿ ನೀನು ಬೇಕೆಂದೇ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡುತ್ತೀಯ ಅಂತ ಅವಳ ಕಿವಿಗೆ ಮಾತು ಬಿತ್ತು. ಡಾಕ್ಟರೂ ಇಲ್ಲ, ಪಟ್ಟಣವೂ ಇಲ್ಲ. ಆ ದಿನ ನಿನಗೆ ಬಿದ್ದ ಪೆಟ್ಟು ನಿನಗೆ ನೆನಪಿದೆ, ಹೇಳಿದ್ದು ಪೆನಾ ಅಂತ ನೀನು ಇವತ್ತಿಗೂ ಅವಳಿಗೆ ಶಾಪ ಹಾಕುತ್ತೀಯ. ಅವತ್ತಿನಿಂದ ನೋವು ಬಂದರೂ ನೀನು ಬಾಯಿ ಬಿಡಲಿಲ್ಲ, ಹಲ್ಲು ಕಚ್ಚಿಕೊಂಡು ಹೂ ಕೀಳುತ್ತಿದ್ದೆ. ಬರಬರುತ್ತಾ ನಾಟಕವೇ ಇರಬೇಕು ಅಂತ ನೀನೂ ನಂಬಿದೆ. ಅದನ್ನು ನೆನೆದರೆ ನನಗೆ ಅಳು ಬರುತ್ತದೆ.

ಇಲ್ಲಿಯ ಶಾಲೆಯಲ್ಲಿ ನರ್ಸ್ ಆಗಿ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಗಣಿತದ ಪರೀಕ್ಷೆಯ ದಿನ ಹೊಟ್ಟೆ ಹಿಡಿದುಕೊಂಡು ಬರುವ ಕಳ್ಳರೂ ಗೊತ್ತು, ನಿನ್ನಂಥವರೂ ಗೊತ್ತು. ನಾಟಕದವರಿಗೆ ಆಟದ ಬಯಲಿನ ಗದ್ದಲ ಕೇಳಿದರೆ ಕಾಯಿಲೆ ವಾಸಿಯಾಗುತ್ತದೆ, ನಿನ್ನಂಥವರು ಕಿವಿ ಮುಚ್ಚಿಕೊಳ್ಳುತ್ತಾರೆ. ಮೈಗ್ರೇನ್ ಅಂದರೆ ದೊಡ್ಡವರಿಗೆ ಬರುವ ಅರೆತಲೆನೋವು ಅಂತ ಎಲ್ಲರೂ ತಿಳಿದಿದ್ದಾರೆ. ಮಕ್ಕಳಿಗೆ ಎಷ್ಟೋ ಸಲ ಹಣೆಯೆಲ್ಲ ನೋಯುತ್ತದೆ, ಬೇಗ ಬಿಡುತ್ತದೆ, ನಿದ್ದೆ ಮಾಡಿದರೆ ಹೋಗುತ್ತದೆ. ಅಷ್ಟು ಬೇಗ ಹೋಗುವುದರಿಂದಲೇ ಯಾರೂ ನಂಬುವುದಿಲ್ಲ.

ಆದ್ದರಿಂದ ಈಗ ಅಕ್ಕ ಹೇಳಿದಂತೆ ಕೇಳು. ಮಗುವನ್ನು ಡಾಕ್ಟರಿಗೆ ತೋರಿಸು, ತಾಯಿಗೂ ಚಿಕ್ಕಂದಿನಲ್ಲಿ ಹೀಗೇ ಇತ್ತು ಅಂತ ಮೊದಲೇ ಹೇಳು, ಅದು ಅವರಿಗೆ ಗೊತ್ತಾಗಬೇಕು. ಒಂದು ನೋಟ್‌ಬುಕ್ ಇಟ್ಟುಕೊಂಡು ನೋವು ಬಂದ ದಿನ, ಹಿಂದಿನ ರಾತ್ರಿಯ ನಿದ್ದೆ, ತಿಂದದ್ದು, ತಿನ್ನದ್ದು ಬರೆದಿಡು. ಬೆಳಗಿನ ತಿಂಡಿ ತಪ್ಪಿಸಬೇಡ, ನೀನು ಕಾಫಿ ಕುಡಿದು ಓಡುವವಳು, ಅವಳನ್ನೂ ಹಾಗೇ ಓಡಿಸುತ್ತೀಯ ಅಂತ ನನಗೆ ಗೊತ್ತು. ನೀರು ಕುಡಿಯಲಿ, ಭಾನುವಾರವೂ ಹೊತ್ತಿಗೆ ಸರಿಯಾಗಿ ಮಲಗಿ ಏಳಲಿ. ಆಕಳಿಕೆ, ಸಿಡುಕು ಕಂಡಾಗ ಬೈಯಬೇಡ, ಹುಷಾರಾಗು. ನೋವು ಶುರುವಾದ ಕೂಡಲೇ ಡಾಕ್ಟರು ಬರೆದುಕೊಟ್ಟ ಔಷಧ ಕೊಟ್ಟು ಕತ್ತಲೆಯಲ್ಲಿ ಮಲಗಿಸು, ಆದರೆ ಪದೇ ಪದೇ ಮಾತ್ರೆ ನುಂಗಿಸಬೇಡ, ಅದರಿಂದಲೇ ತಲೆನೋವು ಹೆಚ್ಚುತ್ತದೆ. ನೋವು ಅವಳನ್ನು ನಿದ್ದೆಯಿಂದ ಎಬ್ಬಿಸಿದರೆ, ಜ್ವರ ಬಂದು ಕತ್ತು ಬಿಗಿದರೆ, ಕೈಕಾಲು ಸೋತರೆ ಮಾತ್ರ ನೋಟ್‌ಬುಕ್ಕೂ ಬೇಡ, ಅಕ್ಕನೂ ಬೇಡ, ತಕ್ಷಣ ಆಸ್ಪತ್ರೆಗೆ ಓಡು.

ಇದಕ್ಕೆಲ್ಲ ಮೊದಲು ಒಂದು ಕೆಲಸ ಇದೆ. ಅವಳ ಹತ್ತಿರ ಕೂತು, ನಿನ್ನ ಮಾತು ನಂಬುತ್ತೇನೆ ಮಗಳೇ ಅಂತ ಬಾಯಿಬಿಟ್ಟು ಹೇಳು. ನಮ್ಮ ಮನೆಯಲ್ಲಿ ಆ ಮಾತು ನಿನಗೆ ಯಾರೂ ಹೇಳಲಿಲ್ಲ. ಜೂನ್‌ನಲ್ಲಿ ಗುಲಾಬಿ ಮುಗಿದ ಮೇಲೆ ಅವಳನ್ನು ಇಲ್ಲಿಗೆ ಕಳಿಸು, ಚೆರ್ರಿ ಹಣ್ಣಾಗಿರುತ್ತದೆ. ಹಿಂದಿನ ಕೋಣೆಗೆ ದಪ್ಪ ಪರದೆ ಹಾಕಿಸಿದ್ದೇನೆ.

ನಿನ್ನ ಗಂಡನಿಗೆ ನನ್ನ ನಮಸ್ಕಾರ, ರಲಿತ್ಸಾಳ ಹಣೆಗೆ ಮೆಲ್ಲಗೆ ಒಂದು ಮುತ್ತು.

ನಿನ್ನನ್ನು ತುಂಬ ಪ್ರೀತಿಸುವ ಅಕ್ಕ,
ದೊಬ್ರಿನಾ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಹರಿದೆ. ಪೆನಾ ಅಮ್ಮನಿಗೆ ಏನೂ ಹೇಳಿರಲಿಲ್ಲ. ಹೇಳಿದ್ದು ನಾನು. ಹೆಚ್ಚು ಹೂ ಕಿತ್ತ ಹತ್ತು ಮಕ್ಕಳನ್ನು ಸಮುದ್ರ ತೀರದ ಶಿಬಿರಕ್ಕೆ ಕಳಿಸುತ್ತಿದ್ದರಲ್ಲ, ಹಿಂದಿನ ವರ್ಷ ನಾನು ಹನ್ನೊಂದನೆಯವಳು. ಡಾಕ್ಟರು ವಿಶ್ರಾಂತಿ ಅಂದರೆ ನಿನ್ನ ಜೊತೆ ಮನೆಯಲ್ಲಿ ಕೂರುವವಳು ನಾನೇ ಆಗುತ್ತಿದ್ದೆ. ಗಂಟಲಿಗೆ ಬೆರಳು ಹಾಕಿದ್ದನ್ನು ಕಣ್ಣಾರೆ ಕಂಡೆ ಅಂತ ಅಮ್ಮನಿಗೆ ಹೇಳಿದೆ, ಸಮುದ್ರ ನೋಡಿ ಬಂದೆ. ನಾನು ನಿಜವಾಗಿ ಕಂಡದ್ದು ಇಷ್ಟು: ನೀನು ಗಾಡಿಯ ಕೆಳಗೆ ಎರಡೂ ಕೈ ನೆಲಕ್ಕೆ ಊರಿಕೊಂಡು ವಾಂತಿ ಮಾಡುತ್ತಲೇ, ನಾನು ಕಿತ್ತ ಹೂವಿಗೆ ತಾಗಬಾರದು ಅಂತ ನನ್ನ ಚೀಲವನ್ನು ಕಾಲಿನಿಂದ ಆಚೆ ತಳ್ಳುತ್ತಿದ್ದೆ.